ಬಲಗೈಯ ನ್ಯಾಯ

ಈ ಮನೆಗೆ ಸೊಸೆಯಾಗಿ ಬಂದ ದಿನ, ಹೊಸ್ತಿಲಿನ ಮೇಲಿದ್ದ ಅಕ್ಕಿಯ ಸೇರನ್ನು ಒದೆಯುವ ಮೊದಲು, ನಮ್ಮತ್ತೆ ನನಗೆ ಹೇಳಿದ ಮೊದಲ ಮಾತು "ಬಲಗಾಲಿಟ್ಟು ಬಾಮ್ಮ" ಎಂಬುದು. ನಾನು ಹಾಗೆಯೇ ಬಂದೆ. ನಿಮ್ಮಲ್ಲಿ ಬಹಳ ಮಂದಿ ಹಾಗೆಯೇ ಬಂದಿರುತ್ತೀರಿ. ಬಲಗಾಲೇ ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ವಾದ್ಯದ ಗಲಾಟೆಯಲ್ಲಿ, ತಲೆ ತಗ್ಗಿಸಿಕೊಂಡು ನಿಂತ ಮದುಮಗಳಿಗೆ ಪ್ರಶ್ನೆ ಕೇಳುವಷ್ಟು ಪುರುಸೊತ್ತು ಎಲ್ಲಿರುತ್ತದೆ?

ಆಮೇಲೆ ಗೊತ್ತಾಯಿತು, ಅತ್ತೆಯ ಸಂಸಾರ ನಡೆಯುತ್ತಿದ್ದುದೇ ಬಲಗೈಯ ಮೇಲೆ. ಬಡಿಸುವುದು, ದುಡ್ಡು ಕೊಡುವುದು, ಅರಿಶಿನ ಕುಂಕುಮ ಕೊಡುವುದು, ಕೊನೆಗೆ ಹಾಲಿನವನ ಮುಂದೆ ಪಾತ್ರೆ ಒಡ್ಡುವುದು ಕೂಡ ಬಲಗೈಯಲ್ಲೇ ಆಗಬೇಕು. ಯಾರಾದರೂ ಎಡಗೈಯಲ್ಲಿ ಏನನ್ನಾದರೂ ಚಾಚಿದರೆ ಅವರು ಬಯ್ಯುತ್ತಿರಲಿಲ್ಲ. ತೆಗೆದುಕೊಳ್ಳದೆ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದರು, ನಾವು ಕೈ ಬದಲಿಸುವವರೆಗೆ. ಬಯ್ಗುಳಕ್ಕಿಂತ ಆ ನೋಟವೇ ಹೆಚ್ಚು ಚುಚ್ಚುತ್ತಿತ್ತು.

ಇಂಥ ಮನೆಯಲ್ಲಿ 1998ರಲ್ಲಿ ಹುಟ್ಟಿದ ನನ್ನ ಮಗಳು ಎಡಚಿಯಾದಳು.

ಅನ್ನ ಕಲಸುವುದಕ್ಕೆ, ಬಳಪ ಹಿಡಿಯುವುದಕ್ಕೆ, ಬೊಂಬೆಯ ತಲೆ ಬಾಚುವುದಕ್ಕೆ, ಎಲ್ಲಕ್ಕೂ ಅವಳಿಗೆ ಮೊದಲು ಏಳುತ್ತಿದ್ದುದು ಎಡಗೈ. ಅತ್ತೆ ಊಟದ ಹೊತ್ತಿನಲ್ಲಿ ಪ್ರತಿ ಸಲವೂ ಆ ಕೈಯನ್ನು ಮೆಲ್ಲಗೆ ಸರಿಸಿ ಬಲಗೈಯನ್ನು ತಟ್ಟೆಗೆ ಇಡುತ್ತಿದ್ದರು. ಅವರನ್ನು ನಾನಿಲ್ಲಿ ದೂರಲಾರೆ. ನೀರು ಸೇದಿ ತರಬೇಕಾಗಿದ್ದ, ಸಾಬೂನು ಅಪರೂಪವಾಗಿದ್ದ ಕಾಲದಲ್ಲಿ ಬೆಳೆದವರು ಅವರು. ತೊಳೆಯುವ ಕೈ ಬೇರೆ, ಉಣ್ಣುವ ಕೈ ಬೇರೆ ಎಂಬ ಕಟ್ಟಳೆಗೆ ಆಗ ಅರ್ಥವಿತ್ತು.

ಆದರೆ ಬರೆಯುವ ಕೈಗೆ ಯಾವ ಮೈಲಿಗೆ? ಅದನ್ನು ತಿದ್ದಲು ಹೊರಟವಳು ಅತ್ತೆಯಲ್ಲ, ನಾನು. ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಪಾಠ ಮಾಡುವ, ಬಿ.ಎ., ಬಿ.ಎಡ್. ಓದಿದ ನಾನು. ಎಡಗೈಯ ಮಗುವನ್ನು ಬಲವಂತದಿಂದ ಬಲಗೈಗೆ ತಿರುಗಿಸಬಾರದು ಎಂದು ನಮ್ಮ ಬಿ.ಎಡ್. ಮನಶ್ಶಾಸ್ತ್ರದ ಪಾಠದಲ್ಲೇ ಇತ್ತು. ಆ ಸಾಲಿನ ಕೆಳಗೆ ಗೆರೆ ಎಳೆದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಸ್ವಂತ ಮಗಳ ವಿಷಯಕ್ಕೆ ಬಂದಾಗ ಮಾತ್ರ ಆ ಗೆರೆ ಕಾಣಲಿಲ್ಲ. ಕನ್ನಡ ಎಡದಿಂದ ಬಲಕ್ಕೆ ಹೋಗುವ ಬರಹ, ಎಡಗೈಯಲ್ಲಿ ಬರೆದರೆ ಬರೆದದ್ದೆಲ್ಲ ಅಂಗೈಗೆ ಒರೆಸಿಹೋಗುತ್ತದೆ, ಬೆಂಚಿನಲ್ಲಿ ಪಕ್ಕದ ಮಗುವಿನ ಮೊಳಕೈಗೆ ತಗಲುತ್ತದೆ, ನಾಳೆ ಉಳಿದ ಮಕ್ಕಳು ಆಡಿಕೊಳ್ಳುತ್ತಾರೆ ಎಂದು ಕಾರಣಗಳನ್ನು ಜೋಡಿಸಿಕೊಂಡೆ. 2002ರ ಮಳೆಗಾಲವಿಡೀ ಸಂಜೆ ಒಂದೊಂದು ಗಂಟೆ ಅವಳ ಎಡಗೈಯನ್ನು ಜಡೆಯ ರಿಬ್ಬನ್ನಿನಿಂದ ಫ್ರಾಕಿನ ಹಿಂದಿನ ಪಟ್ಟಿಗೆ ಕಟ್ಟಿ, ಸ್ಲೇಟನ್ನು ಮುಂದಿಟ್ಟು ಕೂರಿಸಿದೆ. ದೀಪಾವಳಿಯ ಹೊತ್ತಿಗೆ ಮಗು ಬಲಗೈಯಲ್ಲಿ "ಅ ಆ ಇ ಈ" ಬರೆಯಿತು. "ಸ್ವಲ್ಪ ತಿರುಗಿಸಿದೆ ಅಷ್ಟೆ, ದಾರಿಗೆ ಬಂದಳು" ಎಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ.

ಸ್ವಲ್ಪ ತಿರುಗಿಸಿದೆ. ಈ ಮಾತು ಎಷ್ಟು ಸುಳ್ಳು ಎಂದು ತಿಳಿಯಲು ನನಗೆ ಹದಿನೇಳು ವರ್ಷ ಬೇಕಾಯಿತು.

2019ರಲ್ಲಿ ಅತ್ತೆಯ ಬಲಗೈ ನಡುಗತೊಡಗಿತು. ಮೊದಮೊದಲು ನಮಗೆ ತಿಳಿಯಲೇ ಇಲ್ಲ. ಜಗಲಿಯಲ್ಲಿ ಸುಮ್ಮನೆ ಕುಳಿತಾಗ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜುತ್ತಿದ್ದವು, ಹತ್ತಿಯ ಬತ್ತಿ ಹೊಸೆದ ಹಾಗೆ. ಜೀವಮಾನವೆಲ್ಲ ಬತ್ತಿ ಹೊಸೆದ ಕೈ, ಅಭ್ಯಾಸ ಬಿಟ್ಟಿಲ್ಲ ಎಂದುಕೊಂಡೆವು. ಹೆಜ್ಜೆ ಚಿಕ್ಕದಾಗಿ, ಸಾರು ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಸೀರೆಯ ಮೇಲೆ ಚೆಲ್ಲತೊಡಗಿದಾಗ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ನರರೋಗದ ಡಾಕ್ಟರು ನೋಡಿ ಪಾರ್ಕಿನ್ಸನ್ ಕಾಯಿಲೆ ಎಂದರು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಮಾಡುವ ಜೀವಕೋಶಗಳು ಸಾಯುತ್ತ ಹೋದಾಗ ಬರುವ ಕಾಯಿಲೆ ಅದು. ಬಹಳ ಮಂದಿಗೆ ಮೈಯ ಒಂದು ಕಡೆಯಿಂದ ಶುರುವಾಗುತ್ತದಂತೆ. ಅತ್ತೆಗೆ ಅದು ಶುರುವಾಗಲು ಬಲಗೈಯನ್ನೇ ಆರಿಸಿಕೊಂಡಿತ್ತು.

ಬರೆದುಕೊಟ್ಟ ಮಾತ್ರೆಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಲೆವೊಡೋಪ, ಕಾರ್ಬಿಡೋಪ ಎಂದಿತ್ತು. ಊಟಕ್ಕೆ ಅರ್ಧ ಗಂಟೆ ಮೊದಲು ಬರೀ ನೀರಿನಲ್ಲಿ ನುಂಗಬೇಕು ಎಂದು ಡಾಕ್ಟರು ಹೇಳಿದ್ದರು. ಔಷಧಿ ಎಂದರೆ ಹಾಲಿನಲ್ಲೇ ಎಂದು ನಂಬಿದ್ದ ಅತ್ತೆಗೆ ಇದು ಒಗ್ಗಲಿಲ್ಲ. ದಿನವೂ ಹಾಲಿನ ಲೋಟಕ್ಕೆ ಕೈ ಚಾಚುವರು, ನಾನು ತಡೆಯುವೆ. ಆ ವರ್ಷ ದೀಪಾವಳಿಗೆ ಮಗಳು ಬಂದಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ನಮ್ಮ ಜಗಳ ನೋಡಿ ನಕ್ಕು, ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು, "ಅಜ್ಜಿ, ಈ ಹೆಸರಿನಲ್ಲಿ ಏನಿದೆ ಗೊತ್ತಾ? ಲೆವೊ ಅಂದರೆ ಎಡ. ನೀನು ದಿನಕ್ಕೆ ಮೂರು ಹೊತ್ತು ನುಂಗುತ್ತಿರುವುದು ಎಡಗೈಯ ಔಷಧಿ" ಎಂದಳು.

ಅತ್ತೆ ಮಾತಾಡಲಿಲ್ಲ. ನನಗೆ ಮಾತ್ರ ಎದೆಯಲ್ಲಿ ಏನೋ ಕದಲಿದಂತಾಯಿತು. "ಔಷಧಿಗೆ ಎಂಥ ಕೈಯೇ?" ಎಂದೆ.

ಅವತ್ತು ಅಡುಗೆಮನೆಯಲ್ಲಿ ಅವಳು ನನಗೆ ಮಾಡಿದ ಪಾಠವನ್ನು ನಿಮಗೂ ಹೇಳುತ್ತೇನೆ. ವಿಜ್ಞಾನ ಓದದ ನನಗೆ ತಿಳಿದದ್ದು ನಿಮಗೂ ತಿಳಿಯುತ್ತದೆ.

ಬೇಳೆ, ಹಾಲು, ಮೊಟ್ಟೆ, ನಮ್ಮ ಕೂದಲು, ಚರ್ಮ, ರಕ್ತ ಎಲ್ಲದರಲ್ಲೂ ಇರುವ ಪ್ರೋಟೀನು ಎಂಬುದು ಮಣಿ ಪೋಣಿಸಿದ ಉದ್ದನೆಯ ಸರ. ಆ ಮಣಿಗಳೇ ಅಮೈನೋ ಆಮ್ಲಗಳು. ಮುಖ್ಯವಾದವು 20 ಬಗೆ. ಮಗಳು ಒಂದು ಆಲೂಗಡ್ಡೆ ತೆಗೆದುಕೊಂಡು ಅದಕ್ಕೆ ನಾಲ್ಕು ಪೊರಕೆ ಕಡ್ಡಿ ಚುಚ್ಚಿದಳು. ರಂಗೋಲಿಯ ಹಾಗೆ ಚಪ್ಪಟೆಯಾಗಿ ಅಲ್ಲ, ನಾಲ್ಕೂ ಒಂದರಿಂದೊಂದು ಆದಷ್ಟು ದೂರ ಇರುವಂತೆ. ಮೂರು ಕಡ್ಡಿ ಮುಕ್ಕಾಲಿಯ ಹಾಗೆ ನೆಲಕ್ಕೆ ಊರಿದರೆ ನಾಲ್ಕನೆಯದು ನೆಟ್ಟಗೆ ಮೇಲಕ್ಕೆ. ಆಲೂಗಡ್ಡೆ ಎಂದರೆ ಇಂಗಾಲದ ಪರಮಾಣು. ಒಂದು ಕಡ್ಡಿಯ ತುದಿಗೆ ತೊಂಡೆಕಾಯಿ ಸಿಕ್ಕಿಸಿದಳು, ಅದು ಸಾರಜನಕವಿರುವ ಅಮೈನೋ ಗುಂಪು. ಇನ್ನೊಂದಕ್ಕೆ ಹಸಿಮೆಣಸಿನಕಾಯಿ, ಅದು ಆಮ್ಲದ ಗುಂಪು. ಮೂರನೆಯದಕ್ಕೆ ಒಂದು ಬಟಾಣಿ, ಅದು ಜಲಜನಕ. ಈ ಮೂರು ಎಲ್ಲ ಬಗೆಯಲ್ಲೂ ಹೆಚ್ಚುಕಡಿಮೆ ಒಂದೇ. ನಾಲ್ಕನೆಯ ಕೈಯಲ್ಲಿ ಏನಿದೆ ಎನ್ನುವುದೇ ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು. ಅಲ್ಲಿಗೆ ಟೊಮೆಟೊ ಸಿಕ್ಕಿಸಿದಳು.

ಆಮೇಲೆ ಅದನ್ನು ಕನ್ನಡಿಯ ಮುಂದಿಟ್ಟು, ಒಳಗೆ ಕಂಡ ಬಿಂಬದಂತೆಯೇ ಇನ್ನೊಂದು ಆಲೂಗಡ್ಡೆ ಮಾಡಿದಳು. ಅದೇ ತೊಂಡೆ, ಅದೇ ಮೆಣಸು, ಅದೇ ಬಟಾಣಿ, ಅದೇ ಟೊಮೆಟೊ. "ಈಗ ಒಂದರ ಮೇಲೊಂದು ಸರಿಯಾಗಿ ಹೊಂದಿಸು" ಎಂದಳು. ಎಷ್ಟು ಹೊರಳಿಸಿದರೂ ಹೊಂದಲಿಲ್ಲ. ಎರಡು ಸರಿಬಂದರೆ ಇನ್ನೆರಡು ಅದಲುಬದಲು. ನಮ್ಮ ಎರಡು ಕೈಗಳಂತೆ. ಬೆರಳು ಐದೇ, ಗೆಣ್ಣುಗಳು ಅವೇ, ಆದರೂ ಎಡಗೈಯನ್ನು ಹೇಗೆ ತಿರುಗಿಸಿದರೂ ಬಲಗೈ ಆಗುವುದಿಲ್ಲ. ದರ್ಜಿಯವನು ಅವಸರದಲ್ಲಿ ಎಡದ ತೋಳನ್ನು ಬಲಕ್ಕೆ ಹೊಲಿದುಬಿಟ್ಟ ರವಿಕೆಯನ್ನು ನೀವು ಒಮ್ಮೆಯಾದರೂ ಹಾಕಿಕೊಂಡಿರುತ್ತೀರಿ. ಬಟ್ಟೆ ಅದೇ, ಅಳತೆ ಅದೇ, ಕಂಕುಳಲ್ಲಿ ಮಾತ್ರ ಹಿಡಿಯುತ್ತದೆ. ಅಣುಗಳ ಕಥೆಯೂ ಅಷ್ಟೇ. ಒಂದನ್ನು ಎಲ್ ಎಂದೂ ಇನ್ನೊಂದನ್ನು ಡಿ ಎಂದೂ ಕರೆಯುತ್ತಾರೆ, ಎಡ ಮತ್ತು ಬಲ ಎಂಬರ್ಥದ ಲ್ಯಾಟಿನ್ ಮಾತುಗಳ ಮೊದಲಕ್ಷರ. ನಮ್ಮ ದೇಹ ಪ್ರೋಟೀನು ಕಟ್ಟುವುದಕ್ಕೆ ಬಳಸುವುದು ಎಡದವನ್ನು ಮಾತ್ರ. ಗಿಡ, ಹುಳು, ಆನೆ, ಮನುಷ್ಯ ಎಲ್ಲರಲ್ಲೂ ಹೀಗೆಯೇ.

ಅತ್ತೆಯ ಲೆವೊಡೋಪ ಕೂಡ ಒಂದು ಅಮೈನೋ ಆಮ್ಲ. ಡೋಪಮೈನನ್ನು ನೇರವಾಗಿ ಕೊಟ್ಟರೆ ಅದಕ್ಕೆ ರಕ್ತದಿಂದ ಮಿದುಳಿನೊಳಕ್ಕೆ ದಾಟಲು ಆಗುವುದಿಲ್ಲ. ಲೆವೊಡೋಪ ದಾಟುತ್ತದೆ, ಒಳಗೆ ಹೋಗಿ ಡೋಪಮೈನ್ ಆಗುತ್ತದೆ. ಆದರೆ ಅದು ಹೋಗುವ ಬಾಗಿಲೂ ಬೇಳೆ ಹಾಲಿನಿಂದ ಬಂದ ಕೆಲವು ಅಮೈನೋ ಆಮ್ಲಗಳು ಹೋಗುವ ಬಾಗಿಲೂ ಒಂದೇ. ಎಲ್ಲ ಒಟ್ಟಿಗೆ ನುಗ್ಗಿದರೆ ಔಷಧಿ ಹೊರಗೇ ಉಳಿಯುತ್ತದೆ. ಹಾಲಿನಲ್ಲಿ ಬೇಡ ಎಂದ ಡಾಕ್ಟರ ಮಾತಿನ ಗುಟ್ಟು ಇದು. 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕೊಟ್ಜಿಯಾಸ್ ಎಂಬ ವೈದ್ಯರು ಈ ಕಾಯಿಲೆಯವರಿಗೆ ಎಡ ಬಲ ಎರಡೂ ಬೆರೆತ ಡೋಪವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟು ಗುಣ ಕಂಡರು. ಆದರೆ ಕೆಲವರಿಗೆ ರಕ್ತದ ಬಿಳಿಯ ಕಣಗಳು ಕಡಿಮೆಯಾದವು. ಬರೀ ಎಡದ್ದನ್ನು ಕೊಟ್ಟಾಗ ಅರ್ಧದಷ್ಟೇ ಸಾಕಾಯಿತು, ಆ ತೊಂದರೆಯೂ ತಪ್ಪಿತು. ಎಡದ ಅಣುವನ್ನೇ ಹೆಚ್ಚಾಗಿ ತಯಾರಿಸುವ ವಿಧಾನಕ್ಕೆ ದಾರಿ ತೋರಿದ ವಿಲಿಯಂ ನೋಲ್ಸ್ ಎಂಬ ರಸಾಯನಶಾಸ್ತ್ರಜ್ಞರಿಗೆ 2001ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ನಮ್ಮ ಬೇಲಿಯ ಮೇಲೆ ಹಬ್ಬಿ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲಿ ಅದೇ ಎಡದ ಡೋಪ ತಾನಾಗಿಯೇ ಇರುತ್ತದೆ ಎಂದಾಗಲಂತೂ ನಾನು ಬೆರಗಾದೆ.

ಇಷ್ಟು ಕೇಳಿದ ಮೇಲೆ ನನ್ನೊಳಗಿನ ಮೇಷ್ಟ್ರಿತಿ ಸುಮ್ಮನಿರುತ್ತಾಳೆಯೇ? ಕೂಡಲೇ ಒಂದು ನೀತಿ ಹೊಳೆಯಿತು. "ನೋಡಿದಿರಾ ಅತ್ತೆ, ಸೃಷ್ಟಿಯೇ ಎಡಗೈಯದು! ನಾವು ಸುಮ್ಮನೆ ಎಡವನ್ನು ಕೀಳು ಮಾಡಿದೆವು" ಎಂದುಬಿಟ್ಟೆ. ಎಡವಟ್ಟು ಎನ್ನುವ ಮಾತಿನಲ್ಲೂ ಎಡವನ್ನೇ ಸೇರಿಸಿದ ಜನ ನಾವು, ಬಲ ಎಂದರೆ ನಮಗೆ ಶಕ್ತಿಯೂ ಹೌದು. ಅರ್ಧನಾರೀಶ್ವರನಲ್ಲಿ ಪಾರ್ವತಿಗೆ ಸಿಕ್ಕಿದ್ದು ಎಡಭಾಗ. ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ ಎನ್ನುತ್ತಾರೆ. ಎಡ ನಮ್ಮದು ಎಂಬ ಒಂದು ಬಗೆಯ ಅಭಿಮಾನವೂ ಉಕ್ಕಿತು.

ಮಗಳು ತಲೆಯಾಡಿಸಿ, "ಅಮ್ಮ, ಹೆಸರಿಗೆ ಮರುಳಾಗಬೇಡ. ಎಡ ಅನ್ನುವುದು ನಾವು ಇಟ್ಟ ಹೆಸರು" ಎಂದಳು. ಎಮಿಲ್ ಫಿಷರ್ ಎಂಬ ಜರ್ಮನ್ ವಿಜ್ಞಾನಿ 1891ರಲ್ಲಿ ಸಕ್ಕರೆಯ ಅಣುಗಳ ಚಿತ್ರ ಬರೆಯುವಾಗ ಯಾವುದು ಯಾವ ಕಡೆ ಎಂದು ತಿಳಿಯಲು ದಾರಿಯೇ ಇರಲಿಲ್ಲವಂತೆ. ಎರಡರಲ್ಲಿ ಒಂದನ್ನು ಹಿಡಿದು, ಹೀಗಿರಲಿ ಎಂದು ಬರೆದರು. ಉಳಿದ ಹೆಸರುಗಳೆಲ್ಲ ಆ ಊಹೆಯ ಮೇಲೆ ನಿಂತವು. 1951ರಲ್ಲಿ ಹಾಲೆಂಡಿನ ಬೈವೂಟ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಎಕ್ಸ್‌ ಕಿರಣಗಳಿಂದ ನೋಡಿದಾಗ, ಅದೃಷ್ಟಕ್ಕೆ ಊಹೆ ಸರಿಯಾಗಿತ್ತು. ಅಷ್ಟೇ ಅಲ್ಲ, ಎಡದವು ಎನಿಸಿಕೊಂಡ ಅಮೈನೋ ಆಮ್ಲಗಳಲ್ಲಿ ಕೆಲವು ಬೆಳಕನ್ನು ಬಲಕ್ಕೆ ತಿರುಗಿಸುತ್ತವೆ. ಎಡದ ಮಣಿಗಳಿಂದ ಪೋಣಿಸಿದ ಪ್ರೋಟೀನಿನ ಸರ ಸುರುಳಿ ಸುತ್ತಿಕೊಂಡಾಗ ಸಾಮಾನ್ಯವಾಗಿ ಆಗುವುದು ಬಲಮುರಿ ಸುರುಳಿ. ಪ್ರೋಟೀನಿನಲ್ಲಿ ಎಡಗೈ ಆದ ಜೀವವೇ ಸಕ್ಕರೆಯ ವಿಷಯದಲ್ಲಿ ಬಲಗೈ. ನಮ್ಮ ವಂಶವಾಹಿನಿಯ ಡಿ.ಎನ್‌.ಎ.ಯಲ್ಲಿರುವ ಸಕ್ಕರೆ ಡಿ ಜಾತಿಯದು. ನಾವು ಬಲಮುರಿ ಎಂದು ಪೂಜಿಸುವ ಅಪರೂಪದ ಶಂಖವನ್ನು ಪ್ರಾಣಿಶಾಸ್ತ್ರದವರು ಎಡಸುರುಳಿ ಎನ್ನುತ್ತಾರಂತೆ. ಶಂಖ ಒಂದೇ. ಯಾವ ತುದಿ ಮೇಲೆ ಮಾಡಿ ಹಿಡಿದಿದ್ದೇವೆ ಎನ್ನುವುದರ ಮೇಲೆ ಹೆಸರು.

ನನಗೆ ನನ್ನ ಸಮಾಜ ವಿಜ್ಞಾನದ ಪಾಠ ನೆನಪಾಯಿತು. ಮಧ್ಯಯುಗದಿಂದ ಬ್ರಿಟಿಷರ ಕಾಲದವರೆಗೂ ದಕ್ಷಿಣ ಭಾರತದಲ್ಲಿ ಎಷ್ಟೋ ಜಾತಿಗಳು ಬಲಗೈಯವರು, ಎಡಗೈಯವರು ಎಂದು ಎರಡು ಪಂಗಡವಾಗಿ ನಿಂತು, ಯಾರ ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು ಎಂಬುದಕ್ಕೆಲ್ಲ ಬಡಿದಾಡಿದ್ದಾರೆ. ಮೊದಲು ಒಂದು ಹೆಸರಿಡುತ್ತೇವೆ, ಆಮೇಲೆ ಅದು ಹೆಸರು ಎನ್ನುವುದನ್ನು ಮರೆಯುತ್ತೇವೆ, ಕೊನೆಗೆ ಅದಕ್ಕಾಗಿ ತಲೆ ಒಡೆಯುತ್ತೇವೆ.

ಇಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದ ಅತ್ತೆ ಆಗ ಬಾಯಿ ತೆರೆದರು. ಓದಿದ್ದು ಆರನೇ ಇಯತ್ತೆಯಾದರೂ ಅವರ ಬುದ್ಧಿ ಕತ್ತರಿಯಂಥದು. "ಹೆಸರು ಏನಾದರೂ ಇರಲಿ ಪುಟ್ಟಿ. ಅಲ್ಲೂ ಎಲ್ಲರದೂ ಒಂದೇ ಕೈ ಅಂದೆಯಲ್ಲ? ಬೇರೆ ಕೈಯದನ್ನು ಸರಕ್ಕೆ ಸೇರಿಸುವುದಿಲ್ಲ ಅಂದೆಯಲ್ಲ? ನಾನು ಇಷ್ಟು ವರ್ಷ ಹೇಳಿದ್ದೂ ಅದನ್ನೇ" ಎಂದರು.

ನಾನು ತಬ್ಬಿಬ್ಬಾದೆ. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಅಷ್ಟು ಸುಲಭವಲ್ಲ. ಸರದಲ್ಲಿ ಎಡ ಬಲ ಬೆರೆತರೆ ಸುರುಳಿ ಕೂಡಿಕೊಳ್ಳುವುದಿಲ್ಲ, ಪ್ರೋಟೀನು ತನ್ನ ಕೆಲಸ ಮಾಡುವುದಿಲ್ಲ, ಅದೂ ನಿಜ. ಎಲ್ಲರೂ ಒಂದೇ ಕ್ರಮದಲ್ಲಿ ನಡೆದರೆ ತಾನೇ ಸಂಸಾರ, ಶಾಲೆ, ಊರು ನಡೆಯುವುದು? ರಸ್ತೆಯಲ್ಲಿ ಎಡಬದಿಗೆ ಹೋಗಬೇಕು ಎಂಬುದೂ ಹೀಗೆಯೇ ಒಂದು ಒಪ್ಪಂದ. ಅದನ್ನು ನನ್ನಿಷ್ಟಕ್ಕೆ ಮುರಿಯಲಾಗದು. ಹಾಗಾದರೆ ನಾನು ಮಗಳ ಕೈ ಕಟ್ಟಿದ್ದೂ ನ್ಯಾಯವೇ? ಈ ಪ್ರಶ್ನೆ ಆ ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ. ನಿಜ ಹೇಳಬೇಕೆಂದರೆ ಆಮೇಲೂ ಬಹಳ ದಿನ ಬಿಡಲಿಲ್ಲ. ಮಗಳನ್ನು ಕೇಳಿ ಕೇಳಿ, ಅವಳು ತಂದುಕೊಟ್ಟದ್ದನ್ನು ಓದಿ ನಾನು ಕಂಡುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಒಂದೇ ಕೈ ಎಂಬ ಕಟ್ಟಳೆ ಇರುವುದು ಹೊಂದಿಕೊಳ್ಳುವುದಕ್ಕಾಗಿ. ಇನ್ನೊಂದು ಕೈ ಕೆಟ್ಟದ್ದು ಎಂದಲ್ಲ. 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಎಂಬಲ್ಲಿ ಒಂದು ಉಲ್ಕೆ ಬಿತ್ತು. ಅದರೊಳಗೂ ಅಮೈನೋ ಆಮ್ಲಗಳಿದ್ದವು, ಎಡದವೂ ಬಲದವೂ. 1997ರಲ್ಲಿ ಕೆಲವು ಬಗೆಗಳಲ್ಲಿ ಎಡದ್ದು ಒಂದಿಷ್ಟು ಹೆಚ್ಚಿರುವುದು ಕಂಡಿತೇ ಹೊರತು, ಬಲದ್ದು ಇಲ್ಲದೇ ಇರಲಿಲ್ಲ. ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ತಯಾರಿಸಿದರೂ ಎರಡೂ ಸಮಸಮ ಬರುತ್ತವೆ. ಜೀವ ಹುಟ್ಟುವಾಗ ಎಡವೇ ಏಕೆ ಆಯಿತು ಎಂಬುದು ಇನ್ನೂ ಬಿಡಿಸದ ಒಗಟು. ಬಲದವೇ ಆಗಿದ್ದರೆ, ಅದರ ಜೊತೆಗೆ ಉಳಿದುದೆಲ್ಲ ತಿರುವುಮುರುವಾಗಿದ್ದರೆ, ಕನ್ನಡಿಯೊಳಗಿನ ಆ ಲೋಕವೂ ನಡೆಯುತ್ತಿತ್ತು ಎನ್ನುತ್ತಾರೆ. ಗೆದ್ದವರು ಮೇಲು ಎಂದು ಗೆದ್ದವರಷ್ಟೇ ಹೇಳಬಲ್ಲರು.

ಎರಡನೆಯದಾಗಿ, ಅಷ್ಟು ಕಟ್ಟುನಿಟ್ಟಿನ ಜೀವವೂ ಬಲದವನ್ನು ಮನೆಯಿಂದ ಪೂರ್ತಿ ಹೊರಗಟ್ಟಿಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಕಟ್ಟಿಕೊಳ್ಳುವ ಗೋಡೆಯಲ್ಲಿ ಡಿ-ಅಲನಿನ್ ಎಂಬ ಬಲಗೈಯ ಅಮೈನೋ ಆಮ್ಲವನ್ನು ಇಟ್ಟಿವೆ. ಅದರ ವೇಷ ಹಾಕಿಕೊಂಡು ಹೋಗಿಯೇ ಪೆನಿಸಿಲಿನ್ ಆ ಗೋಡೆಯ ಕಟ್ಟಡವನ್ನು ಕೆಡಿಸುವುದು. 1990ರ ದಶಕದಲ್ಲಿ ವಿಜ್ಞಾನಿಗಳು ಮಿದುಳಿನಲ್ಲೇ ಡಿ-ಸೆರಿನ್ ಇರುವುದನ್ನು ಕಂಡರು. ಕಲಿಕೆ, ನೆನಪುಗಳಿಗೆ ಸಂಬಂಧಿಸಿದ ಕೆಲಸದಲ್ಲಿ ಅದಕ್ಕೂ ಪಾತ್ರವಿದೆ. ಸರಕ್ಕೆ ಹೊಂದದವನಿಗೆ ಬೇರೆ ಜಾಗ, ಬೇರೆ ಕೆಲಸ. ಹೊಂದುವುದಿಲ್ಲ ಎಂದರೆ ಬೇಡ ಎಂದರ್ಥವಲ್ಲ.

ಇಲ್ಲಿ ಗ್ಲೈಸಿನ್ ಎಂಬವಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಇಪ್ಪತ್ತರಲ್ಲಿ ಅತಿ ಚಿಕ್ಕವಳು. ಅವಳ ನಾಲ್ಕನೆಯ ಕೈಯಲ್ಲೂ ಬರೀ ಜಲಜನಕ, ಎಂದರೆ ಟೊಮೆಟೊ ಇರುವಲ್ಲೂ ಇನ್ನೊಂದು ಬಟಾಣಿ. ಎರಡು ಕೈಯಲ್ಲಿ ಒಂದೇ ವಸ್ತು ಇದ್ದರೆ ಕನ್ನಡಿಯ ಬಿಂಬವೂ ತಾನೂ ಒಂದೇ ಆಗುತ್ತವೆ. ಅವಳಿಗೆ ಎಡವಿಲ್ಲ, ಬಲವಿಲ್ಲ. ಪ್ರೋಟೀನಿನ ಸರ ಹೇಗೆಲ್ಲ ಬಾಗಬಲ್ಲದು ಎಂಬುದರ ನಕ್ಷೆಯನ್ನು 1963ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ತಮ್ಮ ಜೊತೆಗಾರರೊಂದಿಗೆ ಪ್ರಕಟಿಸಿದರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಆ ನಕ್ಷೆಯಲ್ಲಿ ಉಳಿದವರಿಗೆ ಹೋಗಲಾಗದ ಎಷ್ಟೋ ಕಡೆ ಗ್ಲೈಸಿನ್ ಹೋಗಬಲ್ಲಳು, ಇಕ್ಕಟ್ಟಿನ ತಿರುವಿನಲ್ಲೂ ಹೊಂದಿಕೊಳ್ಳಬಲ್ಲಳು. "ನಿನ್ನ ಹಾಗೆಯೇ ಅಮ್ಮ" ಎಂದು ಮಗಳು ಹೊಗಳಿದಳು. ನನಗೆ ಸಂತೋಷವಾಗಲಿಲ್ಲ. ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತಾಳೆ ಎಂದು ನಮ್ಮನ್ನು ಹೊಗಳುವವರು, ಅವಳ ಕೈಯಲ್ಲಿ ಏನೂ ಇಲ್ಲದ್ದರಿಂದಲೇ ಅದು ಸಾಧ್ಯವಾಯಿತು ಎನ್ನುವುದನ್ನು ಹೇಳುವುದಿಲ್ಲ.

ಮೂರನೆಯದು, ನನ್ನನ್ನು ಸೋಲಿಸಿದ ಮಾತು. ಎಡದ ಅಣುವನ್ನು ಬಲದ್ದನ್ನಾಗಿ ಮಾಡಲು ಸಾಧ್ಯವೇ ಎಂದು ಮಗಳನ್ನು ಕೇಳಿದೆ. ಸಾಧ್ಯ ಎಂದಳು. "ಹೇಗೆ, ತಿರುಗಿಸಿದರೆ ಆಯಿತೇ?" ಎಂದೆ. ಅವಳು ಆ ಆಲೂಗಡ್ಡೆಯನ್ನು ಮತ್ತೆ ನನ್ನ ಕೈಗೆ ಕೊಟ್ಟು, "ತಿರುಗಿಸಿ ನೋಡಿದೆಯಲ್ಲ, ಆಯಿತೇ? ಕಡ್ಡಿ ಕೀಳಬೇಕಮ್ಮ" ಎಂದಳು. ಬಟಾಣಿಯ ಕಡ್ಡಿ ಕಿತ್ತು, ಉಳಿದ ಮೂರನ್ನು ಆಚೆಗೆ ಬಾಗಿಸಿ, ಎದುರು ಮಗ್ಗುಲಿನಿಂದ ಮತ್ತೆ ಚುಚ್ಚಿ ತೋರಿಸಿದಳು. ಅಣುವಿನಲ್ಲೂ ಹೀಗೆಯೇ. ಜಲಜನಕ ಕಳಚಿಕೊಂಡು ಹೋಗಬೇಕು, ಇನ್ನೊಂದು ಕಡೆಯಿಂದ ಬಂದು ಸೇರಬೇಕು. ಎಷ್ಟು ಹೊರಳಿಸಿದರೂ ಎಡ ಬಲವಾಗದು. ಒಂದು ಬಂಧ ಮುರಿಯಲೇಬೇಕು.

ಆಲೂಗಡ್ಡೆಯಲ್ಲಿ ಹಳೆಯ ಕಡ್ಡಿ ಇದ್ದ ಕಡೆ ತೂತು ಹಾಗೇ ಉಳಿದಿತ್ತು. ನಾನು ಅದನ್ನೇ ನೋಡುತ್ತ ನಿಂತೆ. "ಸ್ವಲ್ಪ ತಿರುಗಿಸಿದೆ ಅಷ್ಟೆ" ಎಂದು ಸ್ಟಾಫ್ ರೂಮಿನಲ್ಲಿ ಆಡಿದ ಮಾತು ಕಿವಿಯಲ್ಲಿ ಮೊಳಗಿತು.

"ಪುಟ್ಟಿ, ನಿನ್ನ ಕೈ ಕಟ್ಟುತ್ತಿದ್ದೆನಲ್ಲ, ನೆನಪಿದೆಯಾ?" ಎಂದು ಕೇಳಿದೆ. ಅವಳು ಬಟಾಣಿಗಳನ್ನು ಬಟ್ಟಲಿಗೆ ಹಾಕುತ್ತ, "ಅಷ್ಟೊಂದು ನೆನಪಿಲ್ಲಮ್ಮ. ರಿಬ್ಬನ್ನು ಹಸಿರು ಬಣ್ಣದ್ದು. ಮಳೆಗಾಲ ಬಂದರೆ ಈಗಲೂ ಆ ಮಣಿಕಟ್ಟು ಉಜ್ಜಿಕೊಳ್ಳುತ್ತೇನೆ, ಯಾಕೆ ಅಂತ ನನಗೇ ಗೊತ್ತಿಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ತಪ್ಪಾಯಿತು ಎಂದೆ. ಮಕ್ಕಳ ಮುಂದೆ ತಪ್ಪಾಯಿತು ಎನ್ನುವುದು ನಮ್ಮ ಪೀಳಿಗೆಯ ಅಮ್ಮಂದಿರಿಗೆ, ಅದರಲ್ಲೂ ಟೀಚರುಗಳಿಗೆ, ಸುಲಭವಲ್ಲ. ಅವಳು "ಆಯ್ತು ಬಿಡಮ್ಮ" ಎಂದಳು. ಆದರೆ ಬಿಡುವುದು ಅವಳ ದೊಡ್ಡತನ. ನಾನು ಬಿಟ್ಟುಬಿಡಬಾರದು.

ಒಂದು ಕಟ್ಟಳೆ ನ್ಯಾಯವೋ ಅಲ್ಲವೋ ಎಂದು ತಿಳಿಯಲು ನಾನೀಗ ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಇದು ಯಾವುದಕ್ಕೆ ಹೊಂದಿಕೊಳ್ಳುವುದಕ್ಕಾಗಿ ಇದೆ? ಇದನ್ನು ಪಾಲಿಸಲು ಈ ಮಗು ಏನನ್ನು ಮುರಿದುಕೊಳ್ಳಬೇಕು? ರಸ್ತೆಯ ಎಡಬದಿಗೆ ಹೋಗಲು ನಾವು ಏನನ್ನೂ ಮುರಿದುಕೊಳ್ಳಬೇಕಾಗಿಲ್ಲ. ಬರೆಯುವ ಕೈ ಬದಲಿಸಲು ಮುರಿಯಬೇಕು. ಅಣುವಿಗಾದರೆ ನೋವಿಲ್ಲ, ಮಗುವಿಗೆ ಇದೆ. ಈ ಎರಡು ಪ್ರಶ್ನೆಯನ್ನು ಹೆಣ್ಣುಮಕ್ಕಳ ಓದು, ಮದುವೆ, ನೌಕರಿಗಳ ವಿಷಯಕ್ಕೂ ಹಾಕಿ ನೋಡಿ. ಎಷ್ಟು ಸಲ ನಾವು "ಸ್ವಲ್ಪ ಹೊಂದಿಕೊಂಡು ಹೋಗು" ಎಂದು ಹೇಳಿ ಯಾವ ಯಾವ ಕಡ್ಡಿ ಕಿತ್ತಿದ್ದೇವೆ ಎಂದು ಲೆಕ್ಕ ಸಿಗುತ್ತದೆ.

ವಯಸ್ಸಾದಂತೆ ನಮ್ಮೊಳಗೇ ಕೆಲವು ಎಡದವು ಮೆಲ್ಲಗೆ ಬಲದವಾಗುತ್ತ ಹೋಗುತ್ತವಂತೆ. ಹಲ್ಲಿನಲ್ಲಿ, ಕಣ್ಣಿನ ಮಸೂರದಲ್ಲಿ ಇರುವ ಪ್ರೋಟೀನು ಹುಟ್ಟಿದಾಗಿನಿಂದ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ. ಅದರಲ್ಲಿರುವ ಆಸ್ಪಾರ್ಟಿಕ್ ಆಮ್ಲ ವರ್ಷದಿಂದ ವರ್ಷಕ್ಕೆ ಡಿ ಆಗುತ್ತ ಹೋಗುತ್ತದೆ. ಹಲ್ಲಿನಲ್ಲಿ ಅದನ್ನು ಅಳೆದು ಮನುಷ್ಯನ ವಯಸ್ಸನ್ನು ಅಂದಾಜು ಮಾಡುತ್ತಾರೆ. ಹುಟ್ಟಿದಾಗ ಅಷ್ಟು ಕಟ್ಟುನಿಟ್ಟಾಗಿದ್ದ ಮೈ ಮುಪ್ಪಿನಲ್ಲಿ ತನ್ನ ಪಟ್ಟು ಒಂದಿಷ್ಟು ಸಡಿಲಿಸುತ್ತದೆ.

ಅತ್ತೆಯ ಪಟ್ಟು ಸಡಿಲಿಸಲು ಇನ್ನೂ ಹೆಚ್ಚು ದಿನ ಹಿಡಿಯಿತು. ಮಾತ್ರೆಯಿಂದ ನಡುಕ ಕಡಿಮೆಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಬಲಗೈಯಲ್ಲಿ ತುತ್ತು ನಿಲ್ಲುತ್ತಿರಲಿಲ್ಲ. ನಾನು ತಿನ್ನಿಸಲು ಹೋದರೆ ಬಾಯಿ ಬಿಗಿಹಿಡಿಯುವರು. ಬಡಿಸಿದ ಕೈ ಬೇಡುವ ಕೈಯಾಗುವುದು ಅವರಿಗೆ ಬೇಡ. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದೆ. 2021ರ ಬೇಸಗೆ ಇರಬೇಕು. ಅಡುಗೆಮನೆಯಲ್ಲಿ ಅತ್ತೆ ಗೋಡೆಯ ಕಡೆ ಮುಖ ಮಾಡಿ ಕುಳಿತು, ಎಡಗೈಯಲ್ಲಿ ಚಮಚ ಹಿಡಿದು ಮೊಸರನ್ನ ತಿನ್ನುತ್ತಿದ್ದರು. ಒಂದು ಅಗುಳೂ ಚೆಲ್ಲಿರಲಿಲ್ಲ. ನನ್ನ ಹೆಜ್ಜೆಯ ಸಪ್ಪಳಕ್ಕೆ ಚಮಚ ನಿಂತಿತು. ಏನೋ ಕದ್ದು ಸಿಕ್ಕಿಬಿದ್ದ ಮಗುವಿನಂತೆ ಅವರ ಹೆಗಲು ಕುಗ್ಗಿದ್ದನ್ನು ನಾನು ಮರೆಯಲಾರೆ. ಇದೇ ಕುಗ್ಗಿದ ಹೆಗಲನ್ನು ಸ್ಲೇಟಿನ ಮುಂದೆ ನಾನು ಮೊದಲೇ ನೋಡಿದ್ದೆ.

ಏನೂ ಹೇಳದೆ ಒಂದು ತಟ್ಟೆ ಹಾಕಿಕೊಂಡು ಅವರ ಪಕ್ಕ ಕುಳಿತೆ. ನಾನೂ ಒಂದು ಚಮಚ ತೆಗೆದು ಎಡಗೈಯಲ್ಲಿ ಹಿಡಿದೆ. ನನ್ನ ಅನ್ನ ಎರಡು ಸಲ ಮಡಿಲಿಗೆ ಬಿತ್ತು. ಅತ್ತೆ ಓರೆಗಣ್ಣಿನಿಂದ ನೋಡಿ, "ನಿನಗೆ ಬರುವುದಿಲ್ಲ ಬಿಡು" ಎಂದರು. ಸ್ವಲ್ಪ ಹೊತ್ತಿನ ಮೇಲೆ, ತಟ್ಟೆಯನ್ನು ನೋಡುತ್ತಲೇ, "ಪುಟ್ಟಿಗೂ ಆಗ ಹೀಗೇ ಆಗಿರಬೇಕು" ಎಂದರು. ಅಷ್ಟೇ. ಆಮೇಲೆ ಆ ವಿಷಯ ನಾವಿಬ್ಬರೂ ಎತ್ತಲಿಲ್ಲ.

ನನ್ನ ಎಂಟನೇ ತರಗತಿಯಲ್ಲಿ ಈಗ ಇಬ್ಬರು ಎಡಗೈಯ ಹುಡುಗರಿದ್ದಾರೆ, ಒಬ್ಬಳು ಹುಡುಗಿ ಇದ್ದಾಳೆ. ನೂರಕ್ಕೆ ಸುಮಾರು ಹತ್ತು ಮಂದಿ ಹಾಗಿರುತ್ತಾರಂತೆ. ಇಷ್ಟು ವರ್ಷ ನನ್ನ ಕಣ್ಣಿಗೆ ಅವರು ಬೀಳುತ್ತಿರಲಿಲ್ಲ, ಪಕ್ಕದವನಿಗೆ ಮೊಳಕೈ ತಗಲಿ ಜಗಳವಾದಾಗ ಬಯ್ಯುವುದಕ್ಕೆ ಮಾತ್ರ ಬೀಳುತ್ತಿದ್ದರು. ಈಗ ಜೂನ್ ತಿಂಗಳ ಮೊದಲ ದಿನವೇ ಯಾರು ಯಾವ ಕೈಯಲ್ಲಿ ಬರೆಯುತ್ತಾರೆ ಎಂದು ನೋಡಿಕೊಳ್ಳುತ್ತೇನೆ. ಎಡಗೈಯವರನ್ನು ಬೆಂಚಿನ ಎಡತುದಿಗೆ ಕೂರಿಸುತ್ತೇನೆ. ಆ ಕಡೆ ಮೊಳಕೈಗೆ ತಗಲಲು ಯಾರೂ ಇರುವುದಿಲ್ಲ. ಇದಕ್ಕೆ ಸರ್ಕಾರದ ಸುತ್ತೋಲೆ ಬೇಕಾಗಿಲ್ಲ, ಹಣ ಬೇಕಾಗಿಲ್ಲ, ಬರೀ ಎರಡು ಮಾರು ಜಾಗ ಬದಲಿಸಿದರೆ ಸಾಕು. ನನ್ನ ಮಗಳಿಗೂ ಅಷ್ಟೇ ಸಾಕಾಗಿತ್ತು.